ಸಹಾಯ ಬೇಕು: ಪೋರ್ಲಾಕ್ ಹಿಲ್ ತಪ್ಪಿಸಿದ್ರೂ ಕೌಂಟಿಸ್‌ಬರಿ ಇಳಿಜಾರು ತಪ್ಪಲ್ವಲ್ಲ?

ಇಂಗ್ಲೆಂಡಿನ ಎಕ್ಸ್‌ಮೂರ್ ಕಡೆ ಕಾರು ಓಡಿಸಿದೋರು ದಯವಿಟ್ಟು ಹೇಳಿ. ಗಂಡ-ಹೆಂಡತಿ ಇಬ್ಬರೇ, ಬಾಡಿಗೆ ಕಾರು ಸಣ್ಣ ಹೈಬ್ರಿಡ್ ಆಟೋಮ್ಯಾಟಿಕ್, ಹಿಂದೆ ಎರಡು ದೊಡ್ಡ ಸೂಟ್‌ಕೇಸ್. ಮೈನ್‌ಹೆಡ್‌ನಿಂದ ಎ39 ಹಿಡಿದು ಲಿನ್‌ಮೌತ್‌ಗೆ ಹೋಗಬೇಕು. ಲೈಸೆನ್ಸ್ ಚಿಂತೆ ಇಲ್ಲ, ನಮ್ಮ ಇಂಡಿಯಾದ್ದೇ ಅಲ್ಲಿ 12 ತಿಂಗಳು ನಡೆಯುತ್ತೆ.

ತಲೆನೋವು ಗುಡ್ಡದ್ದು. ಪೋರ್ಲಾಕ್ ಊರು ದಾಟುತ್ತಿದ್ದ ಹಾಗೇ 25% ಏರು, ಅದರಲ್ಲೇ ಹೇರ್‌ಪಿನ್ ತಿರುವು. ಪಕ್ಕದಲ್ಲಿ ಕಾಡಿನ ಟೋಲ್ ರೋಡ್ ನಿಧಾನಕ್ಕೆ ಏರುತ್ತೆ, ಸರಿ. ಆದ್ರೆ ಅದೂ ಮೇಲೆ ಹೋಗಿ ಎ39ಕ್ಕೇ ಸೇರುತ್ತೆ. ಮುಂದೆ ಕೌಂಟಿಸ್‌ಬರಿಯಿಂದ ಲಿನ್‌ಮೌತ್‌ಗೆ ಇಳಿಯೋದು ಅಷ್ಟೇ ಕಡಿದು, ಒಂದು ಕಡೆ ಸಮುದ್ರ ಬೇರೆ. ಆರ್ಡ್ನೆನ್ಸ್ ಸರ್ವೆ (ಬ್ರಿಟನ್ನಿನ ಸರ್ಕಾರಿ ನಕ್ಷೆ ಸಂಸ್ಥೆ) ನಕ್ಷೆ ನೋಡಿದೆ: ಆ ರಸ್ತೆ ಮೇಲೆ ಜೋಡಿ ಬಾಣ, ಅಂದ್ರೆ 20%ಗಿಂತ ಜಾಸ್ತಿ. ಗೂಗಲ್ ಮ್ಯಾಪ್‌ನಲ್ಲಿ ಟೋಲ್ ತಪ್ಪಿಸಬಹುದು, ಕಡಿದಾದ ರಸ್ತೆ ತಪ್ಪಿಸೋಕೆ ಆಯ್ಕೆನೇ ಇಲ್ಲ.

ಏರೋದು ಹೇಗೋ ಆಗುತ್ತೆ. ಇಳಿಯುವಾಗ ಬ್ರೇಕ್ ತುಳಿದುಕೊಂಡೇ ಇದ್ರೆ ಕಾದು ಹಿಡಿತ ಬಿಡುತ್ತಲ್ಲ, ಭಯ ಅದು.

ಹೈಬ್ರಿಡ್‌ನಲ್ಲಿ ಗೇರನ್ನ ‘ಬಿ’ಗೆ (ಬ್ರೇಕ್ ತುಳಿಯದೇನೇ ಕಾರಿನ ವೇಗ ತಡೆಯೋ ಸ್ಥಾನ) ಹಾಕಿದ್ರೆ ಈ ಇಳಿಜಾರಿಗೆ ಸಾಕಾ? ಇಲ್ಲಾ ಎಕ್ಸ್‌ಫರ್ಡ್, ಸೈಮನ್ಸ್‌ಬಾತ್ ಮೇಲೆ ಸುತ್ತಿ ಹೋದ್ರೆ ಇಳಿಜಾರು ನಿಜವಾಗಲೂ ಕಮ್ಮಿನಾ?