ಬ್ಯಾಟರಿ 'ಕೂತಿದೆ' ಅನ್ನಲಾಗದಿದ್ದರೆ ಏನನ್ನಬೇಕು?

ಎಲ್ಲರಿಗೂ ನಮಸ್ಕಾರ.

ಬೋಟಿನ ಲಿಥಿಯಂ ಬ್ಯಾಟರಿ ಬಳಸುವ ವಿಧಾನವನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ, ಅದಕ್ಕೆ ನನಗೊಂದು ಕ್ರಿಯಾಪದ ಬೇಕಾಗಿದೆ. ಅದೊಂದು ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೆ. ಹಿನ್ನೆಲೆ ಹೇಳದಿದ್ದರೆ ಅರ್ಥವಾಗುವುದಿಲ್ಲ, ಹಾಗಾಗಿ ಸ್ವಲ್ಪ ಉದ್ದವಾಗಿದೆ.

ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ನನ್ನ ಪರಿಚಯದವರದೊಂದು ಬ್ಯಾಟರಿ ಅಂಗಡಿ ಇದೆ. ಟ್ರಾಕ್ಟರ್, ಲಾರಿ, ಮನೆಯ ಇನ್ವರ್ಟರ್, ಇಷ್ಟೇ ಅವರ ವ್ಯಾಪಾರವಾಗಿತ್ತು. ಈಚೆಗೆ ಅರಬೈಲ್ ಘಟ್ಟದಾಚೆ ಅಂಕೋಲಾ, ಕಾರವಾರ, ಹೊನ್ನಾವರದ ಮೀನುಗಾರರ ಬೋಟುಗಳಿಗೂ ಲಿಥಿಯಂ ಬ್ಯಾಟರಿ ಕಳಿಸುತ್ತಿದ್ದಾರೆ. ಪೆಟ್ಟಿಗೆಯ ಜೊತೆ ಬರುವ ಇಂಗ್ಲಿಷ್ ಹಾಳೆಯನ್ನು ಯಾರೂ ಓದುವುದಿಲ್ಲ. "ಕನ್ನಡದಾಗ ನಾಲ್ಕು ಪುಟ ಬರದು ಕೊಡ್ರಿ ಸರ" ಅಂತ ನನಗೆ ಗಂಟು ಬಿದ್ದರು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳು ಸಮುದ್ರಕ್ಕೆ ಇಳಿಯುವ ಹಾಗಿಲ್ಲ. ಬಣ್ಣ, ರಿಪೇರಿ, ವೈರಿಂಗ್ ಎಲ್ಲ ಆಗಲೇ ನಡೆಯುವುದು. ನನ್ನ ಹಾಳೆಯೂ ಅಷ್ಟರೊಳಗೆ ಆಗಬೇಕು.

ಮೊದಲ ಕರಡನ್ನು ರೋಣದ ಕಡೆಯ ನನ್ನ ಸೋದರಮಾವನಿಗೆ ಓದಲು ಕೊಟ್ಟೆ. ಓದಿ ಮುಗಿಸಿ, "ಒಂದು ಬ್ಯಾಟ್ರಿ ಹಿಡಕೊಂಡು ಹೋಗಾಕ ಇಷ್ಟು ದೊಡ್ಡ ಪುಸ್ತಕ ಯಾಕೋ?" ಅಂದರು. ಆಗ ಹೊಳೆಯಿತು. ನಮ್ಮ ಹಳ್ಳಿಗಳ ಕಡೆ ಬ್ಯಾಟ್ರಿ ಅಂದರೆ ಟಾರ್ಚು. "ಬ್ಯಾಟ್ರಿ ತಗೊಂಡು ಹೋಗು, ಹಾವು ಇರ್ತಾವ" ಅನ್ನುವಾಗಿನ ಬ್ಯಾಟ್ರಿ. ಅದರೊಳಗೆ ಹಾಕುವುದು ಶೆಲ್ಲು. ಅಂದರೆ ಇಂಗ್ಲಿಷಿನವರ ಬ್ಯಾಟರಿ ನಮಗೆ ಶೆಲ್ಲು, ಅವರ ಟಾರ್ಚು ನಮಗೆ ಬ್ಯಾಟ್ರಿ. ನಾವು ತಪ್ಪು ಅಂತ ನಗುವವರಿಗೆ ಒಂದು ಮಾತು. ಆ ಪದ ಮೊದಲು ತೋಪುಗಳ ಸಾಲಿಗೆ ಇದ್ದದ್ದು. ಬೆಂಜಮಿನ್ ಫ್ರಾಂಕ್ಲಿನ್ 1749ರ ಹೊತ್ತಿಗೆ ವಿದ್ಯುತ್ ತುಂಬಿದ ಗಾಜಿನ ಜಾಡಿಗಳ ಸಾಲಿಗೆ ಅದನ್ನು ತಂದು ಅಂಟಿಸಿದ. ತೋಪಿನಿಂದ ಜಾಡಿಗೆ ಬರಬಹುದಾದರೆ ಜಾಡಿಯಿಂದ ಟಾರ್ಚಿಗೆ ಹೋಗಬಾರದೇ?

ಅದಿರಲಿ. ಲಿಥಿಯಂ ಪೆಟ್ಟಿಗೆಯೊಳಗೂ ಸೆಲ್ಲುಗಳೇ ಇರುವುದು. ಬೋಟಿಗೆ ಹಾಕುವುದು ಸಾಮಾನ್ಯವಾಗಿ ಲಿಥಿಯಂ ಐರನ್ ಫಾಸ್ಫೇಟ್ ಜಾತಿಯದು. ಒಂದೊಂದು ಸೆಲ್ 3.2 ವೋಲ್ಟ್, ನಾಲ್ಕನ್ನು ಒಂದರ ಹಿಂದೊಂದು ಜೋಡಿಸಿದರೆ 12.8. ಪಠ್ಯಪುಸ್ತಕದ ಪದ 'ಕೋಶ'. ಆದರೆ ಬೋಟಿನವರು ಕೋಶ ಓದಿ ಏನೆಂದುಕೊಂಡಾರು? ನಮ್ಮಂಥವರಿಗೆ ನಿಘಂಟು ನೆನಪಾಗುತ್ತದೆ, ಅಷ್ಟೆ. 'ಸೆಲ್' ಅಂತಲೇ ಬರೆದಿದ್ದೇನೆ. ಚಾರ್ಜಿಗೆ 'ಆವೇಶ' ಬಳಸಲು ಕೈ ಬರಲಿಲ್ಲ, ಬ್ಯಾಟರಿಗೆ ದೇವರು ಬಂದ ಹಾಗಾಗುತ್ತದೆ. ಡಿಸ್ಚಾರ್ಜಿಗೆ 'ವಿಸರ್ಜನೆ' ಹಾಕಿ ಅಂತ ಒಬ್ಬ ಮೇಷ್ಟ್ರು ಸೂಚಿಸಿದರು. ಹುಬ್ಬಳ್ಳಿಯಲ್ಲಿ ವಿಸರ್ಜನೆ ಅಂದರೆ ಗಣಪತಿ, ಡೊಳ್ಳು, ಟ್ರಾಫಿಕ್ಕು. ಬೇಡವೇ ಬೇಡ. 'ಖರ್ಚಾಗುವುದು' ಅಂತ ಬರೆದೆ. ಚಾರ್ಜ್ ಖರ್ಚಾಯಿತು ಅಂದರೆ ಯಾರಿಗೂ ತಿಳಿಯುತ್ತದೆ, ಅಲ್ವಾ?

ಈಗ ನಿಜವಾದ ತೊಡಕು.

ಹಳೆಯ ಸೀಸ-ಆಸಿಡ್ ಬ್ಯಾಟರಿಯ ಬಗ್ಗೆ ನಮ್ಮವರು ಆಡುವ ಮಾತು ಕೇಳಿ. ಅದು ನೀರು ಕುಡಿಯುತ್ತದೆ. ದಣಿಯುತ್ತದೆ. 'ಕೂರುತ್ತದೆ'. "ಬ್ಯಾಟ್ರಿ ಕುಂತೈತ್ರಿ" ಅಂದರೆ ಚಾರ್ಜ್ ಇಳಿದಿದೆ ಅಂತ. ಚಾರ್ಜಿಗೆ ಹಾಕಿದರೆ 'ಏಳುತ್ತದೆ'. ಕೊನೆಗೊಂದು ದಿನ ಸಾಯುತ್ತದೆ. ಪೂರ್ತಿ ಎತ್ತಿನ ಮಾತು ಇದು. ನೊಗ ಹೊತ್ತು ನಡೆದು ಸುಸ್ತಾಗಿ ಕೂತ ಎತ್ತು. ಮಾತು ಚೆಂದ ಇರುವುದಷ್ಟೇ ಅಲ್ಲ, ಸರಿಯಾಗಿಯೂ ಇದೆ. ಸೀಸದ ಬ್ಯಾಟರಿ ನಿಧಾನವಾಗಿಯೇ ಇಳಿಯುವುದು. ಬಲ್ಬು ಮಂಕಾಗುತ್ತದೆ, ಹಾರ್ನ್ ಗಂಟಲು ಕಟ್ಟಿದ ಹಾಗೆ ಕೂಗುತ್ತದೆ. ಕೂರುವ ಮೊದಲು ಮುಂಗಾಲು ಮಡಚುವುದು ಕಾಣುತ್ತದೆ.

ಲಿಥಿಯಂ ಹಾಗಲ್ಲ. ಚಾರ್ಜ್ ಮುಕ್ಕಾಲು ಖರ್ಚಾದರೂ ವೋಲ್ಟೇಜು 13ರ ಆಸುಪಾಸಿನಲ್ಲೇ ನಿಂತಿರುತ್ತದೆ. ದೀಪ ಮೊದಲಿನಷ್ಟೇ ಬೆಳ್ಳಗೆ ಉರಿಯುತ್ತಿರುತ್ತದೆ. ಆಮೇಲೆ ಒಮ್ಮೆಲೇ ಇಳಿಯುತ್ತದೆ. ಯಾವುದಾದರೂ ಒಂದು ಸೆಲ್ 2.5 ವೋಲ್ಟಿನ ಹತ್ತಿರ ಬಂತೋ, ಒಳಗಿನ ಕಾವಲು ಸರ್ಕ್ಯೂಟು, ಬಿಎಂಎಸ್ ಅನ್ನುತ್ತಾರಲ್ಲ ಅದು, ಸಂಪರ್ಕ ಕಡಿದುಹಾಕುತ್ತದೆ. ದೀಪ, ಜಿಪಿಎಸ್, ಮೀನು ತೋರಿಸುವ ಫೈಂಡರ್, ಎಲ್ಲ ಒಂದೇ ಏಟಿಗೆ ಬಂದ್. ಮೀಟರ್ ಹಿಡಿದರೆ ಸೊನ್ನೆ ತೋರಿಸುತ್ತದೆ. ಸೀಸದ ಬ್ಯಾಟರಿ ಸೊನ್ನೆ ತೋರಿಸಿದರೆ ಸತ್ತಿದೆ ಅಂತಲೇ ಅರ್ಥ. ಇದು ಸತ್ತಿಲ್ಲ. ಒಳಗೆ ಸೆಲ್ಲುಗಳು ಗಟ್ಟಿಯಾಗೇ ಇವೆ.

ಹೊನ್ನಾವರದ ಕಡೆಯ ಗಿರಾಕಿಯೊಬ್ಬರು ಹೀಗೇ ಮೋಸ ಹೋದೆ ಅಂದುಕೊಂಡು ಅಂಗಡಿಗೆ ಫೋನ್ ಮಾಡಿ ಬಾಯಿಗೆ ಬಂದಂತೆ ಬೈದರಂತೆ. ಅವರದು ತಪ್ಪಲ್ಲ. ಮೊದಲೇ ಅವರಿಗೆ ಅನುಮಾನವಿತ್ತು. 100 ಆಂಪಿಯರ್-ಅವರ್‌ನ ಸೀಸದ ಬ್ಯಾಟರಿ ಹೆಚ್ಚುಕಡಿಮೆ 30 ಕಿಲೋ, ಇದು 12ರ ಹತ್ತಿರ. ಎತ್ತಿ ನೋಡಿ, ಒಳಗೆ ಏನಾದರೂ ಇದೆಯೋ ಇಲ್ಲವೋ ಅಂತ ಕೇಳಿದ್ದರಂತೆ. ಅಂಥದ್ದು ರಾತ್ರಿ ಸಮುದ್ರದ ಮಧ್ಯೆ ಸೊನ್ನೆ ತೋರಿಸಿದರೆ ಇನ್ನೇನು ಅಂದುಕೊಳ್ಳಬೇಕು?

ಹಾಳೆಯಲ್ಲಿ ಈ ಸ್ಥಿತಿಗೆ ಒಂದು ಪದ ಇರಲೇಬೇಕು. ಕೂತಿಲ್ಲ, ಸತ್ತಿಲ್ಲ, ಮತ್ತೇನಾಗಿದೆ?

'ಟ್ರಿಪ್ ಆಗಿದೆ' ಅನ್ನಬಹುದಿತ್ತು. ಪಂಪ್‌ಸೆಟ್ ಇರುವ ರೈತರಿಗೆಲ್ಲ ಗೊತ್ತಿರುವ ಪದ. ಸ್ಟಾರ್ಟರ್ ಟ್ರಿಪ್ ಆದರೆ ಹೋಗಿ ಗುಂಡಿ ಒತ್ತುತ್ತಾರೆ. ಆದರೆ ಈ ಪೆಟ್ಟಿಗೆಯ ಮೇಲೆ ಗುಂಡಿಯೇ ಇಲ್ಲ. ಮೇಲಾಗಿ ಮೀನುಗಾರಿಕೆಗೆ ಹೋಗುವುದಕ್ಕೂ ಟ್ರಿಪ್ ಅನ್ನುತ್ತಾರೆ. "ಟ್ರಿಪ್ಪಿನಲ್ಲಿರುವಾಗ ಬ್ಯಾಟರಿ ಟ್ರಿಪ್ ಆದರೆ" ಅಂತ ಬರೆದು, ನಾನೇ ನಕ್ಕು, ಅಳಿಸಿದೆ. 'ಕಟ್ ಆಗಿದೆ' ಅಂದರೆ ವೈರ್ ಹರಿದಿದೆ ಅಂತ ಹುಡುಕುತ್ತಾರೆ. 'ನಿದ್ದೆಗೆ ಜಾರಿದೆ' ಮೊಬೈಲಿನವರ ಭಾಷೆ.

ಸದ್ಯಕ್ಕೆ ನಾನು ಬರೆದಿರುವುದು 'ಚಿಲಕ ಹಾಕಿಕೊಂಡಿದೆ' ಅಂತ. ಒಳಗಿರುವವರು ಕ್ಷೇಮ, ಕದ ಮಾತ್ರ ಮುಚ್ಚಿದೆ. ಹೊರಗಿನಿಂದ ಯಾರಾದರೂ ಬಂದು ಕದ ತಟ್ಟಬೇಕು, ಅದು ಚಾರ್ಜರಿನ ಕೆಲಸ. ದೀಪ-ಗೀಪ ಎಲ್ಲ ಆಫ್ ಮಾಡಿ ಚಾರ್ಜರ್ ಹಚ್ಚಿದರೆ ಚಿಲಕ ತೆಗೆದುಕೊಳ್ಳುತ್ತದೆ. ಇಲ್ಲಿ ಇನ್ನೊಂದು ತಮಾಷೆ ಇದೆ. ಕೆಲವು ಹಳೆಯ ಚಾರ್ಜರುಗಳು ಸೊನ್ನೆ ವೋಲ್ಟ್ ಕಂಡರೆ ಬ್ಯಾಟರಿಯೇ ಇಲ್ಲ ಅಂದುಕೊಂಡು ಸುಮ್ನೆ ಕೂರುತ್ತವೆ, ಕದ ತಟ್ಟುವುದೇ ಇಲ್ಲ. ಲಿಥಿಯಮ್ಮಿಗೆ ಅಂತಲೇ ಮಾಡಿದ ಚಾರ್ಜರ್ ಬೇಕು. ಜಾಸ್ತಿ ತುಂಬಿದರೂ ಚಿಲಕ ಬೀಳುತ್ತದೆ. ನಾಲ್ಕು ಸೆಲ್ಲಿನ ಪೆಟ್ಟಿಗೆಗೆ 14.6 ವೋಲ್ಟ್ ಮೇಲಿನ ಮಿತಿ. ಎಂಜಿನ್ ಓಡುತ್ತಿರುವಾಗ ಹೀಗೆ ಒಮ್ಮೆಲೇ ಕದ ಮುಚ್ಚಿದರೆ ಎಂಜಿನ್ನಿನ ಜೊತೆ ತಿರುಗಿ ಕರೆಂಟು ಕೊಡುವ ಆಲ್ಟರ್ನೇಟರಿನ ಡಯೋಡು ಸುಟ್ಟುಹೋಗಬಹುದು. ಅದಕ್ಕೇ ಆಲ್ಟರ್ನೇಟರು, ಬ್ಯಾಟರಿ ಇಬ್ಬರ ನಡುವೆ ಡಿಸಿ-ಡಿಸಿ ಚಾರ್ಜರ್ ಅನ್ನುವುದೊಂದನ್ನು ಇಡುತ್ತಾರೆ. ಚಿಲಕ ಅನ್ನುವ ಒಂದು ಪದ ಹಿಡಿದು ಇಷ್ಟನ್ನೆಲ್ಲ ಹೇಳಲು ಬಂತು. ಆದರೂ ಒಂದು ಅಳುಕು. ಯಂತ್ರದ ಹಾಳೆಯಲ್ಲಿ ಇದು ತೀರಾ ಕತೆ ಹೇಳಿದ ಹಾಗಾಯಿತೇ? ನಮ್ಮ ಕಡೆ ಚಿಲಕ, ಕದ ಅಂದರೆ ಆಯಿತು. ಕರಾವಳಿಯವರ ಬಾಯಲ್ಲೂ ಇದು ಸಲೀಸಾಗಿ ಕೂರುತ್ತದೆಯೇ? (ನೋಡಿ, 'ಕೂರು' ಬಿಟ್ಟು ಬರೆಯಲು ಆಗುವುದೇ ಇಲ್ಲ.)

ಉಳಿದ ಪದಗಳಲ್ಲಿ ಎರಡು ಮಾತ್ರ ಸುಲಭವಾಗಿ, ಖುಷಿ ಕೊಡುವಂತೆ ಸಿಕ್ಕವು. ಎರಡೂ ನಮ್ಮವ್ವನ ಅಡಿಗೆಮನೆಯವು. ಉಪ್ಪುಗಾಳಿಗೆ ತಾಮ್ರದ ತಂತಿ, ಟರ್ಮಿನಲ್ಲು ಹಸಿರುಗಟ್ಟುತ್ತವೆ. ಕಬ್ಬಿಣಕ್ಕೆ ಹಿಡಿಯುವುದು ತುಕ್ಕು, ಹುಬ್ಬಳ್ಳಿಯಲ್ಲಿ ಜಂಗು. ತಾಮ್ರ, ಹಿತ್ತಾಳೆಗೆ ಹಿಡಿಯುವುದು ಕಿಲುಬು. ಹುಣಸೆಹಣ್ಣು ಹಚ್ಚಿ ತಿಕ್ಕದ ತಂಬಿಗೆಗೆ ಹಿಡಿಯುತ್ತದಲ್ಲ, ಅದೇ. ಇಂಗ್ಲಿಷ್ ಹಾಳೆ ಎರಡಕ್ಕೂ ಒಂದೇ ಪದ ಹಾಕಿ ಕೈತೊಳೆದುಕೊಂಡಿದೆ. ನಮಗೆ ಎರಡು ಇವೆ. ಕಿಲುಬು ಹಿಡಿಯದಿರಲಿ ಅಂತ ಬೋಟಿಗೆ ತವರದ ಲೇಪ ಇರುವ ತಾಮ್ರದ ತಂತಿ ಹಾಕಬೇಕು. ತಾಮ್ರಕ್ಕೆ ತವರದ ಲೇಪ ಅಂದರೇನು? ಕಲಾಯಿ! ಅಂಗಡಿಯ ವೈರಿಂಗ್ ಹುಡುಗನಿಗೆ 'ಕಲಾಯಿ ತಂತಿ' ಅಂದೆ. ಅವನಿಗೆ ಕಲಾಯಿ ಅಂದರೇನು ಅಂತಲೇ ಗೊತ್ತಿರಲಿಲ್ಲ. ಸ್ಟೀಲ್ ಪಾತ್ರೆ ಕಾಲದ ಹುಡುಗ. ಆದರೆ ಕರಾವಳಿಯ ಹಿರಿಯರಿಗೆ ಗೊತ್ತಿದ್ದೀತು ಅಂತ ಹಾಗೇ ಇಟ್ಟಿದ್ದೇನೆ.

ಸೋತದ್ದೂ ಇದೆ. 'ಅರ್ಥಿಂಗ್'ಗೆ ಪುಸ್ತಕದಲ್ಲಿ 'ಭೂಸಂಪರ್ಕ'. ನಡುಗಡಲಿನಲ್ಲಿ, ಫೈಬರ್ ಬೋಟಿನಲ್ಲಿ, ಯಾವ ಭೂಮಿಯ ಸಂಪರ್ಕ? ಎಂಜಿನ್ ಸ್ಟಾರ್ಟ್ ಮಾಡುವ ಬ್ಯಾಟರಿ ಬೇರೆ, ದೀಪ-ಫೈಂಡರ್ ನಡೆಸುವ ಬ್ಯಾಟರಿ ಬೇರೆ. ಎರಡನೆಯದಕ್ಕೆ ಇಂಗ್ಲಿಷಿನಲ್ಲಿ 'ಹೌಸ್ ಬ್ಯಾಟರಿ'. 'ಮನೆ ಬ್ಯಾಟರಿ' ಅಂದರೆ ಇನ್ವರ್ಟರಿನದು ಅಂತ ಬೋಟಿನಿಂದ ಇಳಿಸಿ ಮನೆಗೆ ಒಯ್ದಾರು. 'ಎಂಜಿನ್ ಬ್ಯಾಟರಿ', 'ಲೈಟಿನ ಬ್ಯಾಟರಿ' ಅಂತ ಬರೆದು ಮುಂದೆ ಹೋದೆ.

ಹೀಗಾಗಿ ಕೇಳುತ್ತಿರುವುದು ಮೂರು. ಒಂದು, ಒಳಗೆ ಜೀವವಿದ್ದೂ ಹೊರಗೆ ಸೊನ್ನೆ ತೋರಿಸುವ ಬ್ಯಾಟರಿಗೆ ನಿಮ್ಮ ಕಡೆ ಯಾವ ಮಾತು ಬಳಸುತ್ತಾರೆ? ಈಗಾಗಲೇ ಲಿಥಿಯಂ ಬಳಸುತ್ತಿರುವ ಬೋಟಿನವರ ಬಾಯಿಂದ ಕೇಳಿದ್ದಾದರೆ ಇನ್ನೂ ಒಳ್ಳೆಯದು. ನಾನು ಕಟ್ಟಿದ್ದಕ್ಕಿಂತ ಅವರು ಆಡಿದ್ದೇ ಮೇಲು. ಎರಡು, 'ಬ್ಯಾಟರಿ ಕೂತಿದೆ' ಅನ್ನುವುದು ಎಲ್ಲಿಂದ ಎಲ್ಲಿಯವರೆಗೆ ಇದೆ? ಹಾವೇರಿ, ಗದಗದಲ್ಲಿ ನಾನೇ ಕೇಳಿದ್ದೇನೆ. ಘಟ್ಟದ ಕೆಳಗೂ ಹಾಗೇ ಅನ್ನುತ್ತಾರೆಯೇ, ಅಥವಾ 'ಇಳಿದಿದೆ' ಅನ್ನುತ್ತಾರೆಯೇ? ಮೂರು, ಕುಮಟಾ-ಭಟ್ಕಳದ ಕಡೆ ಕಲಾಯಿ ಅಂದರೆ ಈಗಲೂ ತಿಳಿಯುತ್ತದೆಯೇ?

ಅಚ್ಚಿಗೆ ಜುಲೈ ಮೂರನೇ ವಾರ ಕೊಡಬೇಕು. ಅಷ್ಟರೊಳಗೆ ಒಳ್ಳೆಯ ಪದ ಬರದಿದ್ದರೆ ಚಿಲಕವೇ ಸಮುದ್ರಕ್ಕೆ ಹೋಗುತ್ತದೆ.