ಕೆಂಪು ಜರ್ಸಿ ಮೇಲೆ ಹಾಕಿದ ಬಿಳಿ ಸಂಖ್ಯೆ ಗುಲಾಬಿ ಆಗುತ್ತಿದೆ, ಏನು ಮಾಡಲಿ?

ಹಳೆಜರ್ಸಿ:
ಎಲ್ಲರಿಗೂ ನಮಸ್ಕಾರ. ಸೆಕೆಂಡ್ ಹ್ಯಾಂಡ್ ಶರ್ಟುಗಳನ್ನು ತಂದು, ಅವುಗಳ ಮೇಲೆ ಹಳೇ ಫುಟ್‌ಬಾಲ್ ಜರ್ಸಿಗಳ ಧಾಟಿಯಲ್ಲಿ ಕೈಯಲ್ಲೇ ಸ್ಕ್ರೀನ್ ಪ್ರಿಂಟ್ ಮಾಡುತ್ತೇನೆ. ಕ್ಲಬ್ಬುಗಳ ಲಾಂಛನ ಮುಟ್ಟುವುದಿಲ್ಲ. ಪಟ್ಟೆ, ಕೋನ ಕೋನದ ಗೆರೆ, ಬೆನ್ನಿಗೆ ದೊಡ್ಡ ಸಂಖ್ಯೆ, ಇಷ್ಟೇ.

ಈಗಿನ ತೊಂದರೆ ಹೀಗಿದೆ. ಕಡು ಕೆಂಪು ಶರ್ಟಿನ ಬೆನ್ನಿಗೆ ಬಿಳಿ ಪ್ಲಾಸ್ಟಿಸಾಲ್ ಇಂಕ್‌ನಲ್ಲಿ (ಕಾಯಿಸಿದರೆ ಮಾತ್ರ ಗಟ್ಟಿಯಾಗುವ ಪ್ಲಾಸ್ಟಿಕ್ ಇಂಕ್) 10 ಅಂತ ಹಾಕಿದೆ. ಹೀಟ್ ಪ್ರೆಸ್‌ನಲ್ಲಿ 160 ಡಿಗ್ರಿಗೆ ಕ್ಯೂರ್ ಮಾಡಿದೆ, ಅಂದರೆ ಕಾಯಿಸಿ ಗಟ್ಟಿ ಮಾಡಿದೆ. ಹೊರಗೆ ತೆಗೆದಾಗ ಅಚ್ಚ ಬಿಳಿ. ಮಾರನೆಯ ದಿನ ನೋಡಿದರೆ ತಿಳಿ ಗುಲಾಬಿ! ಒಗೆದಿಲ್ಲ, ನೀರೇ ಸೋಕಿಲ್ಲ. ಅದೇ ಡಬ್ಬಿಯ ಇಂಕ್, ಅದೇ ಸ್ಕ್ರೀನ್ ಬಳಸಿ ಇನ್ನೊಂದು ಕೆಂಪು ಶರ್ಟಿಗೂ ಹಾಕಿದ್ದೆ. ಅದು ಇನ್ನೂ ಬೆಳ್ಳಗೇ ಇದೆ. ಎರಡಕ್ಕೂ ಲೇಬಲ್ ಇಲ್ಲ, ಯಾರೋ ಕತ್ತರಿಸಿದ್ದಾರೆ. ಇಂಕ್ ಕೆಟ್ಟಿದೆಯಾ?

ಶಾಯಿಕೈ:
ಇಂಕ್ ಚೆನ್ನಾಗೇ ಇದೆ. ಒಂದು ಶರ್ಟು ಪಾಲಿಯೆಸ್ಟರ್, ಇನ್ನೊಂದು ಹತ್ತಿ. ನನಗಂತೂ ಅನುಮಾನವೇ ಇಲ್ಲ.

ಪಾಲಿಯೆಸ್ಟರ್‌ಗೆ ಡಿಸ್ಪರ್ಸ್ ಡೈ ಅನ್ನುವ ಬಣ್ಣ ಹಾಕುತ್ತಾರೆ. ಅದು ಎಳೆಯ ಒಳಗೆ ಹೋಗಿ ಕೂರುವುದೇ ಶಾಖದಿಂದ. ಮತ್ತೆ ಜೋರಾಗಿ ಕಾಯಿಸಿದರೆ ಆವಿಯಾಗಿ ಹೊರಗೆ ಬರುತ್ತದೆ, ಮೇಲಿರುವ ಇಂಕ್ ಪದರಕ್ಕೆ ಸೇರಿಕೊಳ್ಳುತ್ತದೆ. ಇದಕ್ಕೇ ಡೈ ಮೈಗ್ರೇಶನ್ ಅನ್ನುವುದು. ಎಷ್ಟೋ ಸಲ ತಕ್ಷಣ ಕಾಣುವುದಿಲ್ಲ. ಬಣ್ಣ ಇಂಕಿನೊಳಗೆ ನಿಧಾನಕ್ಕೆ ಮೇಲೇರುತ್ತದೆ, ಕೆಲವು ದಿನ ಬಿಟ್ಟೂ ಕಾಣಿಸಬಹುದು. ಕೆಂಪು, ಮರೂನ್ ಬಟ್ಟೆಗಳದ್ದು ಎಲ್ಲಕ್ಕಿಂತ ಜಾಸ್ತಿ ಕಾಟ. ಹತ್ತಿಯ ಬಣ್ಣ ಹೀಗೆ ಆವಿಯಾಗುವುದಿಲ್ಲ.

ಒಂದು ಮಾತು ಹೇಳಲೇಬೇಕು. 80ರ ದಶಕದ ಕೊನೆಗೆ ಬಂದ ಆ ಮೈತುಂಬ ವಿನ್ಯಾಸದ ಜರ್ಸಿಗಳನ್ನು ನಾವೆಲ್ಲ ಅಷ್ಟು ಇಷ್ಟಪಡುತ್ತೇವಲ್ವಾ? ಅವುಗಳಲ್ಲಿ ಎಷ್ಟೋ ತಯಾರಾದದ್ದು ಇದೇ ಗುಣದಿಂದ. ಕಾಗದದ ಮೇಲಿನ ಬಣ್ಣವನ್ನು ಶಾಖ ಕೊಟ್ಟು ಆವಿ ಮಾಡಿ ಪಾಲಿಯೆಸ್ಟರ್‌ಗೆ ಇಳಿಸುವುದೇ ಸಬ್ಲಿಮೇಶನ್. ಅದೇ ಆವಿ ಈಗ ನಿಮ್ಮ 10ಕ್ಕೆ ಹತ್ತಿದೆ.

ನೂಲೆಳೆ:
ಶಾಯಿಕೈ ಹೇಳಿದ್ದು ಸರಿ. ಆದರೆ ಊಹೆ ಬೇಡ, ಪರೀಕ್ಷೆ ಮಾಡಿ ನೋಡಿ. ಸೆಕೆಂಡ್ ಹ್ಯಾಂಡ್ ಬಟ್ಟೆಯಲ್ಲಿ ಲೇಬಲ್ ಇರುವುದೇ ಅಪರೂಪ.

ಶರ್ಟಿನ ಒಳಗಡೆ ಹೊಲಿಗೆ ಅಂಚಿನಿಂದ ಎರಡು ಎಳೆ ಕಿತ್ತು, ಚಿಮ್ಮಟದಲ್ಲಿ ಹಿಡಿದು, ಸಿಂಕ್ ಮೇಲೆ ಬೆಂಕಿ ತಾಗಿಸಿ. ಹೊಲಿದ ದಾರ ಬೇಡ, ಬಟ್ಟೆಯ ಎಳೆಯೇ ಬೇಕು. ಹತ್ತಿ ಆದರೆ ಕಾಗದದ ವಾಸನೆ ಬಂದು ಬೂದಿಯಾಗುತ್ತದೆ, ಬೆರಳಲ್ಲಿ ಉಜ್ಜಿದರೆ ಪುಡಿ. ಪಾಲಿಯೆಸ್ಟರ್ ಬೆಂಕಿ ಕಂಡ ಕೂಡಲೇ ಮುದುಡಿ ಕರಗುತ್ತದೆ, ಆರಿದ ಮೇಲೆ ತುದಿಯಲ್ಲಿ ಗಟ್ಟಿ ಮಣಿ ಉಳಿಯುತ್ತದೆ. ಎರಡೂ ಲಕ್ಷಣ ಕಂಡರೆ ಮಿಶ್ರ ಬಟ್ಟೆ. ಅದನ್ನೂ ಪಾಲಿಯೆಸ್ಟರ್ ಅಂತಲೇ ನೋಡಿಕೊಳ್ಳಿ.

ಆಮೇಲೆ ಇನ್ನೊಂದು ಪರೀಕ್ಷೆ. ಬಿಳಿ ಪಾಲಿಯೆಸ್ಟರ್ ಚೂರನ್ನು ಶರ್ಟಿನ ಒಳಮಡಿಕೆ ಮೇಲಿಟ್ಟು, ನೀವು ಕ್ಯೂರ್ ಮಾಡುವ ಶಾಖದಲ್ಲೇ ಒಂದು ನಿಮಿಷ ಒತ್ತಿ. ಬಿಳಿ ಚೂರಿಗೆ ಬಣ್ಣ ಹತ್ತಿದರೆ ಇಂಕಿಗೂ ಹತ್ತುತ್ತದೆ. ಪ್ರತಿ ಹಳೇ ಶರ್ಟಿಗೂ ಇದನ್ನು ಮಾಡಿ. ಒಂದೇ ಥರ ಕಾಣುವ ಎರಡು ಕೆಂಪು ಶರ್ಟು ಬೇರೆ ಬೇರೆ ಥರ ಬಣ್ಣ ಬಿಡುತ್ತವೆ.

ಹಳೆಜರ್ಸಿ:
ಮಾಡಿದೆ. ಗುಲಾಬಿ ಆದದ್ದರ ಎಳೆ ಕರಗಿ ಮಣಿ ಕಟ್ಟಿತು. ಬಿಳಿ ಚೂರೂ ಗುಲಾಬಿ ಆಯಿತು! ಇನ್ನೊಂದು ಬೂದಿಯಾಯಿತು. ಹಾಗಾದರೆ ಸುಮ್ನೆ ಶಾಖ ಕಡಿಮೆ ಮಾಡಿಬಿಡಲಾ? 130ಕ್ಕೆ ಇಟ್ಟರೆ ನಡೆಯುತ್ತಾ?

ಶಾಯಿಕೈ:
ಈಗಿರುವ ಇಂಕಿಗೆ ಬೇಡ. ಮಾಮೂಲಿ ಪ್ಲಾಸ್ಟಿಸಾಲ್‌ನ ಇಡೀ ಪದರ, ಕೆಳಗಿನ ತನಕ, ಸುಮಾರು 160 ಡಿಗ್ರಿ ಮುಟ್ಟಬೇಕು. ಕಡಿಮೆ ಆದರೆ ಮೇಲೆ ಒಣಗಿದ ಹಾಗೆ ಕಾಣುತ್ತದೆ, ಒಳಗೆ ಹಸಿ. ಬಟ್ಟೆ ಎಳೆದು ನೋಡಿ, ಸಂಖ್ಯೆ ಬಿರುಕು ಬಿಡುತ್ತದೆ. ಒಗೆದರೆ ಉದುರುತ್ತದೆ.

130 ಡಿಗ್ರಿ ಆಸುಪಾಸಿನಲ್ಲೇ ಕ್ಯೂರ್ ಆಗುವ ಪ್ಲಾಸ್ಟಿಸಾಲ್ ಬೇರೆಯೇ ಸಿಗುತ್ತದೆ. ಲೋ ಕ್ಯೂರ್ (ಕಡಿಮೆ ಶಾಖ ಸಾಕು), ಲೋ ಬ್ಲೀಡ್ (ಬಟ್ಟೆಯ ಬಣ್ಣ ಸುಲಭಕ್ಕೆ ಹತ್ತದು) ಅಂತ ಎರಡೂ ಬರೆದಿರುವುದನ್ನು ತನ್ನಿ. ಬಟ್ಟೆ ತೀರಾ ಬಣ್ಣ ಬಿಡುವಂಥದ್ದಾದರೆ ಅಷ್ಟೂ ಸಾಲದು, ಬಿಳಿಯ ಕೆಳಗೆ ಬೂದು ಬಣ್ಣದ ಬ್ಲಾಕರ್ ಹಾಕಬೇಕು. ಅದರಲ್ಲಿರುವ ಕಾರ್ಬನ್ ಮೇಲೇರುವ ಬಣ್ಣವನ್ನು ಅಲ್ಲೇ ಹಿಡಿದುಕೊಳ್ಳುತ್ತದೆ. ಕೈಯಲ್ಲಿ ಹಾಕುವಾಗ ಕಷ್ಟ ಇರುವುದು ಅಂಚಿನಲ್ಲಿ. ಬ್ಲಾಕರ್ ಒಂದು ಕೂದಲೆಳೆ ಈಚೆ ಸರಿದರೂ ಒಂದು ಕಡೆ ಬೂದು ಗೆರೆ ಇಣುಕುತ್ತದೆ, ಇನ್ನೊಂದು ಕಡೆ ಬಿಳಿ ನೇರವಾಗಿ ಕೆಂಪಿಗೆ ತಾಗಿ ಅಲ್ಲಿ ಮಾತ್ರ ಗುಲಾಬಿ ಅಂಚು ಬರುತ್ತದೆ. ಶರ್ಟನ್ನು ಹಲಗೆಗೆ ಅಂಟು ಹಾಕಿ ಕೂರಿಸಿ, ಎರಡೂ ಪದರ ಮುಗಿಯುವ ತನಕ ಎತ್ತಲೇಬೇಡಿ. ಮಧ್ಯೆ ಬ್ಲಾಕರನ್ನು ಮುಟ್ಟಿದರೆ ಕೈಗೆ ಅಂಟದಷ್ಟು ಮಾತ್ರ ಒಣಗಿಸಿ.

ಪ್ರೆಸ್‌ನಿಂದ ತೆಗೆದ ಶರ್ಟುಗಳನ್ನು ಬಿಸಿ ಇರುವಾಗ ಒಂದರ ಮೇಲೊಂದು ಪೇರಿಸಬೇಡಿ. ಒಳಗೆ ಶಾಖ ಉಳಿದು ಬಣ್ಣ ಬಿಡುತ್ತಲೇ ಇರುತ್ತದೆ. ಹರಡಿ ಆರಿಸಿ.

ಬಣ್ಣದಬಟ್ಟಲು:
ನಾನು ಪಾಲಿಯೆಸ್ಟರ್ ಮೇಲೆ ಪ್ಲಾಸ್ಟಿಸಾಲ್ ಹಾಕುವುದನ್ನೇ ಬಿಟ್ಟಿದ್ದೇನೆ. ಪಾಲಿಯೆಸ್ಟರ್‌ಗೆ ಹೊಂದುವ ವಾಟರ್ ಬೇಸ್ ಇಂಕ್, ಅದಕ್ಕೆ ಫಿಕ್ಸರ್, ಅಂದರೆ ಶಾಖವಿಲ್ಲದೆ ಇಂಕನ್ನು ಗಟ್ಟಿ ಮಾಡಲು ಬೆರೆಸುವಂಥದ್ದು. ಇಂಕ್ ಗಾಳಿಯಲ್ಲೇ ಗಟ್ಟಿಯಾಗುವಾಗ ಕೆಂಪು ಏಳುವ ಮಾತೇ ಇಲ್ಲ. ಫಿಕ್ಸರ್ ಬೆರೆಸಿದ್ದು ಕೆಲವು ಗಂಟೆಗಳಲ್ಲಿ ಹಾಳಾಗುತ್ತದೆ, ಹಾಗಾಗಿ ಬೇಕಾದಷ್ಟೇ ಕಲಸಿ. ಡಬ್ಬಿ ಮೇಲೆ ಹೇಳಿದಷ್ಟು ದಿನ ನೀರು ಸೋಕಿಸಬೇಡಿ. ಸ್ಕ್ರೀನ್ ಮೇಲೆ ಇಂಕನ್ನು ಒಂದೇ ಸಲ ಎಳೆದರೆ ಕಡು ಬಟ್ಟೆ ಮೇಲೆ ಬಿಳಿ ಕೂರುವುದಿಲ್ಲ. ಒಮ್ಮೆ ಎಳೆದು, ಹೇರ್ ಡ್ರೈಯರ್‌ನಲ್ಲಿ ಆರಿಸಿ, ಮತ್ತೆ ಎಳೆಯಿರಿ.

ಇನ್ನೊಂದು ವಿಷಯ. 1988ರ ಯುರೋ ಕಪ್ ಫುಟ್‌ಬಾಲ್‌ನಲ್ಲಿ ನೆದರ್‌ಲೆಂಡ್ಸ್ ತೊಟ್ಟ ಕಿತ್ತಳೆ ಜರ್ಸಿ ನೋಡಿ, ಗೆರೆಗಳೆಲ್ಲ ಬಟ್ಟೆಯಲ್ಲೇ ಬೆರೆತಿವೆ. ದಪ್ಪ ಪ್ಲಾಸ್ಟಿಸಾಲ್‌ನಲ್ಲಿ ಅಂಥ ವಿನ್ಯಾಸ ಹಾಕಿದರೆ ಎದೆ ಮೇಲೆ ರಬ್ಬರ್ ಹಾಳೆ ಅಂಟಿಸಿದ ಹಾಗಾಗುತ್ತದೆ. ಆ ಗೆರೆಗಳಿಗೆ ತೆಳು ವಾಟರ್ ಬೇಸ್ ಇಂಕೇ ಸರಿ. ಬೆನ್ನಿನ ಸಂಖ್ಯೆ ದಪ್ಪ ಇದ್ದರೂ ನಡೆಯುತ್ತದೆ. ಹಳೇ ಜರ್ಸಿಗಳ ಎಷ್ಟೋ ಸಂಖ್ಯೆಗಳು ಮಖಮಲ್ಲಿನಂಥ ಫ್ಲಾಕ್‌ನವು (ಸಣ್ಣ ನಾರು ಅಂಟಿಸಿದವು), ಮುಟ್ಟಿದರೆ ಉಬ್ಬು ಕೈಗೆ ತಿಳಿಯುತ್ತಿತ್ತು.

ನೂಲೆಳೆ:
ಕೆಂಪಿನ ಮೇಲೆ ಬಿಳಿಯೇ ಬೇಕಾದರೆ ಹತ್ತಿ ಶರ್ಟು ಹುಡುಕುವುದು ನನ್ನ ದಾರಿ. 1966ರ ವಿಶ್ವಕಪ್ ಫೈನಲ್‌ನಲ್ಲಿ ಇಂಗ್ಲೆಂಡ್ ಆಡಿದ್ದು ಕೆಂಪು ಹತ್ತಿ ಅಂಗಿಯಲ್ಲೇ, ಬೆನ್ನಿಗೆ ಬಿಳಿ ಸಂಖ್ಯೆ. ಆ ಕಾಲದ ನೋಟಕ್ಕೆ ಹೊಳೆಯುವ ಪಾಲಿಯೆಸ್ಟರ್ ಹೊಂದುವುದೂ ಇಲ್ಲ. 80-90ರ ನೋಟಕ್ಕೆ ಪಾಲಿಯೆಸ್ಟರ್ ಬೇಕೇ ಬೇಕು, ಒಪ್ಪುತ್ತೇನೆ. ಆಗ ಬಿಳಿ, ತಿಳಿ ಬಣ್ಣದ ಶರ್ಟು ಆರಿಸಿ ಕಡು ಬಣ್ಣದ ಇಂಕ್ ಹಾಕಿ.

ಹಳೆಜರ್ಸಿ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಈ ಗುಲಾಬಿ 10 ಉಳಿಸಬಹುದಾ? ಗೆಳೆಯನಿಗೆ ಅಂತ ಮಾಡಿದ್ದು, ಎಸೆಯಲು ಮನಸ್ಸು ಬರುತ್ತಿಲ್ಲ.

ಶಾಯಿಕೈ:
ಎಸೆಯಬೇಡಿ. ಅದರ ಮೇಲೆ ಮತ್ತೆ ಬಿಳಿ ಹಾಕಿ ಕಾಯಿಸಿದರೆ ಇನ್ನಷ್ಟು ಕೆಂಪು ಏಳುತ್ತದೆ, ಅದು ಬೇಡ. ಅದೇ ಸ್ಕ್ರೀನಿನಲ್ಲಿ ಲೋ ಕ್ಯೂರ್ ಕಪ್ಪು ಅಥವಾ ಕಡು ನೀಲಿ ಎಳೆಯಿರಿ. ಕಪ್ಪಿಗೆ ಕೆಂಪು ಸೇರಿದರೂ ಕಾಣುವುದಿಲ್ಲ. ಸ್ಕ್ರೀನನ್ನು ಬೇಕಂತಲೇ ಸ್ವಲ್ಪ ಬಲಕ್ಕೆ, ಕೆಳಕ್ಕೆ ಸರಿಸಿ ಎಳೆದರೆ ಎಡಗಡೆ, ಮೇಲ್ಗಡೆ ಗುಲಾಬಿ ಅಂಚು ಉಳಿದು ನೆರಳಿನ ಸಂಖ್ಯೆ ಆಗುತ್ತದೆ. 90ರ ದಶಕದ ಜರ್ಸಿಗೆ ಅದು ಚೆನ್ನಾಗೇ ಒಪ್ಪುತ್ತದೆ.

ಗೆಳೆಯನಿಗೆ ಕೊಡುವಾಗ ಹೇಳಿ: ಒಳಮೇಲು ಮಾಡಿ ತಣ್ಣೀರಲ್ಲಿ ಒಗೆಯಬೇಕು, ಡ್ರೈಯರ್ ಬೇಡ, ಸಂಖ್ಯೆ ಮೇಲೆ ಇಸ್ತ್ರಿ ಬೇಡ. ಮುಂದಿನ ಶರ್ಟನ್ನು ಪ್ರಿಂಟ್ ಮಾಡುವ ಮೊದಲು ನೀವೂ ಒಮ್ಮೆ ಒಗೆಯಿರಿ, ಬರೀ ಸೋಪಿನ ಪುಡಿ ಹಾಕಿ. ಹಿಂದಿನವರು ಬಳಸಿದ ಸಾಫ್ಟನರ್ ಬಟ್ಟೆಯಲ್ಲಿ ಉಳಿದಿದ್ದರೆ ಇಂಕ್ ಅಲ್ಲಲ್ಲಿ ಹಿಡಿಯುವುದಿಲ್ಲ.