ಹಾರ್ಮನಿ ಆಫ್ ದ ಸೀಸ್, 7 ರಾತ್ರಿ: ಈರುಳ್ಳಿ-ಬೆಳ್ಳುಳ್ಳಿ ಇಲ್ಲದ ಊಟ, ಹಿರಿಯರಿಗೆ ಗದ್ದಲವಿಲ್ಲದ ಜಾಗ

ಮಲ್ಲಿಗೆ_ಟೆಕ್ಸಸ್ ಕೇಳಿದ್ದು:

ಟೆಕ್ಸಸ್‌ನ ಗ್ಯಾಲ್ವೆಸ್ಟನ್ ಬಂದರಿನಿಂದ ಹಾರ್ಮನಿ ಆಫ್ ದ ಸೀಸ್ (ರಾಯಲ್ ಕೆರಿಬಿಯನ್ ಕಂಪನಿಯ ಪ್ರವಾಸಿ ಹಡಗು) ಬುಕ್ ಆಗಿದೆ. ನಡುವೆ ಇಳಿಯುವ ಬಂದರುಗಳು ಹೊಂಡುರಾಸ್‌ನ ರೊಆಟಾನ್, ಮೆಕ್ಸಿಕೋದ ಕೋಸ್ಟಾ ಮಾಯಾ, ಕೊಜುಮೆಲ್, ಉಳಿದ ದಿನ ಬರೀ ಸಮುದ್ರ. ನಾವಿಬ್ಬರು, ಜೊತೆಗೆ ಊರಿಂದ ಬಂದಿರುವ ಅಪ್ಪ ಅಮ್ಮ. ಅಪ್ಪನಿಗೆ 72, ಇನ್ಸುಲಿನ್ ತಗೋತಾರೆ. ಅಮ್ಮ ಮೊಟ್ಟೆ ಮುಟ್ಟುವುದಿಲ್ಲ, ಈರುಳ್ಳಿ-ಬೆಳ್ಳುಳ್ಳಿಯೂ ಇಲ್ಲ. ನನ್ನ ಪ್ರಶ್ನೆಗಳು ಇವು. ರಾತ್ರಿ ಊಟಕ್ಕೆ ನಿಗದಿತ ಸಮಯ ತಗೊಳ್ಳುವುದೋ, "ಮೈ ಟೈಮ್" (ನಮಗೆ ಬೇಕಾದ ಹೊತ್ತಿಗೆ ಹೋಗುವುದು) ತಗೊಳ್ಳುವುದೋ? ಅಮ್ಮನ ಊಟದ ವಿಷಯ ಯಾರಿಗೆ, ಯಾವಾಗ ಹೇಳಬೇಕು? ಚಟ್ನಿಪುಡಿ, ಎಲೆಕ್ಟ್ರಿಕ್ ಕೆಟಲ್ ತಗೊಂಡು ಹೋಗಬಹುದಾ? ಅಷ್ಟು ಜನರ ಮಧ್ಯೆ ವಯಸ್ಸಾದವರು ಸುಮ್ಮನೆ ಕೂತು ಸಮುದ್ರ ನೋಡುವಂಥ ಜಾಗ ಎಲ್ಲಿದೆ? ದುಡ್ಡು ಕೊಟ್ಟು ಉಣ್ಣುವ ರೆಸ್ಟೋರೆಂಟುಗಳು ಬೇಕಾ?

ಪಾಕಶಾಲೆ:

ಮೊದಲು ಅಮ್ಮನ ಊಟ, ಯಾಕೆಂದರೆ ಎಡವಟ್ಟಾಗುವುದು ಅಲ್ಲೇ.

ಹಡಗು 362 ಮೀಟರ್ ಉದ್ದ. ಒಂದು ಕೋಣೆಗೆ ಇಬ್ಬರಂತೆ ಲೆಕ್ಕ ಹಿಡಿದರೂ ಸುಮಾರು 5,500 ಪ್ರಯಾಣಿಕರು. ಅಷ್ಟು ಜನರಿಗೆ ಗ್ರೇವಿಗಳನ್ನು ದೊಡ್ಡ ಪಾತ್ರೆಗಳಲ್ಲಿ ಮುಂಚೆಯೇ ಮಾಡಿಡುತ್ತಾರೆ, ಈರುಳ್ಳಿ ಅದರ ತಳದಲ್ಲೇ ಬಿದ್ದಿರುತ್ತದೆ. ರಾತ್ರಿ ಟೇಬಲ್ಲಿಗೆ ಬಂದು ಕೂತು "ಈರುಳ್ಳಿ ಬೇಡ" ಅಂದರೆ ವೇಟರ್ ಮಾಡಬಹುದಾದದ್ದು ಇಷ್ಟೇ: ಬೇಯಿಸಿದ ತರಕಾರಿ, ಬಿಳಿ ಅನ್ನ, ಸಲಾಡ್. ಅದೇ ಮಾತನ್ನು ಹಿಂದಿನ ದಿನ ಹೇಳಿದ್ದರೆ ಬೇರೆ ಚಿಕ್ಕ ಪಾತ್ರೆಯಲ್ಲಿ ಒಗ್ಗರಣೆ ಹಾಕಿ ದಾಲ್, ಪಲ್ಯ ಮಾಡಿಕೊಡುತ್ತಾರೆ. ಇದರಲ್ಲಿ ಅಡುಗೆಯವರ ಒಳ್ಳೆಯತನ ಕೆಟ್ಟತನದ ಪ್ರಶ್ನೆ ಇಲ್ಲ, ಪಾತ್ರೆ ಒಲೆಗೆ ಏರುವ ಹೊತ್ತಿನ ಪ್ರಶ್ನೆ.

ಹೀಗೆ ಮಾಡಿ. ಬುಕಿಂಗ್‌ನಲ್ಲಿ ಆಹಾರದ ಕಾಲಂ ಈಗಲೇ ತುಂಬಿಸಿ. ಅಷ್ಟಕ್ಕೇ ಕೆಲಸ ಮುಗಿಯಿತು ಅಂದುಕೊಳ್ಳಬೇಡಿ, ಆ ಕಾಲಂ ಬರೀ ಸೂಚನೆ. ಮೊದಲ ರಾತ್ರಿ ಮುಖ್ಯ ಡೈನಿಂಗ್ ರೂಮಿನಲ್ಲಿ ವೇಟರಿಗಷ್ಟೇ ಅಲ್ಲ, ಹೆಡ್ ವೇಟರನ್ನು ಕರೆದು ಹೇಳಿ. ಮೆನುವಿನಲ್ಲಿ ಕಾಣದಿದ್ದರೂ ಭಾರತೀಯ ಸಸ್ಯಾಹಾರ ಕೇಳಿದರೆ ಕೊಡುತ್ತಾರೆ. ಅಮ್ಮನಿಗೆ "ಜೈನ್" ಎಂಬ ಪದ ಬಳಸಿದರೆ ಅಡುಗೆಮನೆಗೆ ಬೇಗ ಅರ್ಥವಾಗುತ್ತದೆ, ಆದರೆ ಆಲೂಗಡ್ಡೆ, ಕ್ಯಾರೆಟ್ ಕೂಡ ಮಾಯವಾಗುತ್ತವೆ. ಅವರು ಅದನ್ನೆಲ್ಲ ತಿನ್ನುವವರಾದರೆ "ಮೊಟ್ಟೆ, ಈರುಳ್ಳಿ, ಬೆಳ್ಳುಳ್ಳಿ ಮಾತ್ರ ಬೇಡ" ಎಂದು ಬಿಡಿಸಿ ಹೇಳಿ. ಪ್ರತಿ ರಾತ್ರಿ ಏಳುವ ಮೊದಲು ಮರುದಿನದ್ದನ್ನು ಹೇಳಿಯೇ ಏಳಿ.

ಇನ್ನೊಂದು ವಿಷಯ. ಅಲ್ಲಿ ವೆಜಿಟೇರಿಯನ್ ಅಂದರೆ ಮೊಟ್ಟೆ, ಚೀಸ್ ಸೇರಿಯೇ. ಮಾಂಸದ ತುಂಡು ಕಣ್ಣಿಗೆ ಬೀಳದಿದ್ದರೂ ಒಳಗಿರುವ ತಿನಿಸುಗಳಿವೆ. ಫ್ರೆಂಚ್ ಆನಿಯನ್ ಸೂಪಿಗೆ ಗೋಮಾಂಸದ ಸ್ಟಾಕ್, ಸೀಸರ್ ಡ್ರೆಸ್ಸಿಂಗಿಗೆ ಆಂಚೊವಿ ಮೀನು, ಥಾಯ್ ಕರಿಗೆ ಫಿಶ್ ಸಾಸ್, ಪನ್ನಾ ಕೋಟಾ, ಕೆಲವು ಮೂಸ್‌ನಂಥ ಸಿಹಿಗಳಿಗೆ ಪ್ರಾಣಿಗಳ ಮೂಳೆ-ಚರ್ಮದಿಂದ ಮಾಡುವ ಜೆಲಟಿನ್. ಬ್ರೆಡ್ ಮೇಲಿನ ಹೊಳಪು ಎಷ್ಟೋ ಸಲ ಮೊಟ್ಟೆಯದ್ದು. ಫ್ರೆಂಚ್ ಫ್ರೈಸ್ ಕರಿದ ಎಣ್ಣೆಯಲ್ಲೇ ಕೋಳಿಯನ್ನೂ ಕರಿದಿರಬಹುದು. ಸಿಹಿ ಬೇಕೆಂದರೆ ಹಣ್ಣು ಅಥವಾ ಸಾರ್ಬೆ ವಾಸಿ, ಅದನ್ನೂ ಒಮ್ಮೆ ಕೇಳಿಯೇ ತಗೊಳ್ಳಿ.

ಕಡಲಕಾಗೆ:

ಊಟದ ಸಮಯದ ಬಗ್ಗೆ: ನಿಮ್ಮ ಮನೆಗೆ ನಿಗದಿತ ಸಮಯವೇ ಸರಿ. ದಿನಾ ಅದೇ ಟೇಬಲ್, ಅದೇ ವೇಟರ್. ಮೇಲಿನವರು ಹೇಳಿದ ಹಾಗೆ ಹಿಂದಿನ ದಿನ ಹೇಳಿದ್ದು ಮರುದಿನ ಟೇಬಲ್ಲಿಗೆ ಬರಬೇಕಾದರೆ ಹೇಳಿಸಿಕೊಂಡವರು ಅಲ್ಲೇ ಇರಬೇಕಲ್ಲ. ಮೈ ಟೈಮ್‌ನಲ್ಲಿ ಟೇಬಲ್ ಬದಲಾದರೆ ಹೇಳಿದ್ದೂ ಕಳೆದುಹೋಗುತ್ತದೆ, ಮತ್ತೆ ಮೊದಲಿನಿಂದ ಶುರು.

ನಿಗದಿತದಲ್ಲಿ ಎರಡು ಪಂಕ್ತಿ. ಮೊದಲನೆಯದು ಸಂಜೆ 5ರಿಂದ 5:30ರ ಸುಮಾರಿಗೆ, ಎರಡನೆಯದು 8ರ ಸುಮಾರಿಗೆ. ನಮ್ಮ ಕಡೆಯ ಹೊಟ್ಟೆಗೆ 5:30 ಅಂದರೆ ಕಾಫಿ ಹೊತ್ತು, ಸರಿ. ಆದರೆ ಎರಡನೇ ಪಂಕ್ತಿ ಏಳುವಾಗ 9:30 ದಾಟಿರುತ್ತದೆ. ಇನ್ಸುಲಿನ್ ತಗೊಳ್ಳುವವರು ಯಾವ ಪಂಕ್ತಿಯಾದರೂ ಒಂದು ಎಚ್ಚರ ವಹಿಸಬೇಕು: ಕೂತ ತಕ್ಷಣ ಊಟ ಬರುವುದಿಲ್ಲ, ಆರ್ಡರ್ ತಗೊಂಡು ಮೊದಲ ತಟ್ಟೆ ಬರಲು 20-25 ನಿಮಿಷ ಹಿಡಿಯುವುದುಂಟು. ಊಟಕ್ಕೆ ಮುಂಚಿನ ಸೂಜಿಯನ್ನು ಕ್ಯಾಬಿನ್ನಿನಲ್ಲಿ ಚುಚ್ಚಿಕೊಂಡು ಲಿಫ್ಟಿಗೆ ಕಾದು ಬಂದರೆ ಸಕ್ಕರೆ ಇಳಿಯುತ್ತದೆ. ಬ್ರೆಡ್ ಬುಟ್ಟಿ ಟೇಬಲ್ಲಿಗೆ ಬಂದ ಮೇಲೆ ತಗೊಳ್ಳಬಹುದೇ ಎಂದು ಡಾಕ್ಟರನ್ನು ಕೇಳಿಟ್ಟುಕೊಳ್ಳಿ.

ಕ್ಯಾಬಿನ್ನಿನ ಪುಟ್ಟ ಕೂಲರ್ ಅನ್ನು ಇನ್ಸುಲಿನ್ನಿಗೆ ನಂಬಬೇಡಿ. ಅದು ಪಾನೀಯ ತಂಪು ಮಾಡುವ ಪೆಟ್ಟಿಗೆ, ಫ್ರಿಜ್‌ನಷ್ಟು ಸ್ಥಿರವಾದ ತಂಪು ಕೊಡುವುದಿಲ್ಲ. ವೈದ್ಯಕೀಯ ಬಳಕೆಗೆ ಬೇರೆ ಫ್ರಿಜ್ ಕೊಡುತ್ತಾರೆ, ಹೊರಡುವ ಮೊದಲೇ ಕಂಪನಿಗೆ ತಿಳಿಸಿರಬೇಕು. ಬಳಸಿದ ಸೂಜಿ ಹಾಕುವ ಡಬ್ಬಿ ಬೇಕೆಂದು ಕ್ಯಾಬಿನ್ ನೋಡಿಕೊಳ್ಳುವವರಿಗೆ ಹೇಳಿ. ಮಾತ್ರೆ, ಇನ್ಸುಲಿನ್, ಒಂದು ಜೊತೆ ಬಟ್ಟೆ ಕೈಚೀಲದಲ್ಲೇ ಇರಲಿ. ಬಂದರಿನಲ್ಲಿ ಕೊಟ್ಟ ದೊಡ್ಡ ಪೆಟ್ಟಿಗೆ ಕ್ಯಾಬಿನ್ ಬಾಗಿಲಿಗೆ ಬರುವುದು ಸಂಜೆ ಆದರೂ ಆಯಿತು.

ಈಗ ಕೂರುವ ಜಾಗ. ಎಲ್ಲರೂ ಓಡುವುದು ಮೇಲಿನ ಈಜುಕೊಳದ ಡೆಕ್ಕಿಗೆ. ಸಮುದ್ರದ ದಿನ ಬೆಳಿಗ್ಗೆ 9ಕ್ಕೇ ಒರಗು ಕುರ್ಚಿಗಳ ಮೇಲೆಲ್ಲ ಟವೆಲ್ ಬಿದ್ದಿರುತ್ತದೆ, ಮನುಷ್ಯರು ಮಾತ್ರ ಇರುವುದಿಲ್ಲ. ನಮ್ಮೂರ ಬಸ್ಸಿನ ಕಿಟಕಿಯಿಂದ ಕರ್ಚೀಫು ಎಸೆಯುವುದಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ! ಅರ್ಧ ಗಂಟೆ ಯಾರೂ ಬಾರದಿದ್ದರೆ ಟವೆಲ್ ಎತ್ತಬಹುದು ಎಂಬ ನಿಯಮವಿದೆ. ನೀವೇ ಎತ್ತಿ ಜಗಳಕ್ಕೆ ಬೀಳಬೇಡಿ, ಟವೆಲ್ ಕೊಡುವ ಕೌಂಟರಿನವರಿಗೆ ಹೇಳಿ.

ಅಪ್ಪ ಅಮ್ಮನಿಗೆ ಆ ಡೆಕ್ ಬೇಡವೇ ಬೇಡ. ಇರುವ ಜಾಗಗಳು:

ಸೋಲಾರಿಯಂ: ಹಡಗಿನ ಮುಂಭಾಗದಲ್ಲಿ, ಗಾಜಿನ ಹೊದಿಕೆಯ ಕೆಳಗೆ. 16 ವರ್ಷ ದಾಟಿದವರಿಗೆ ಮಾತ್ರ, ಹಾಗಾಗಿ ಮಕ್ಕಳ ಗಲಾಟೆ ಇಲ್ಲ. ಗಾಳಿಯೂ ಅಷ್ಟು ಹೊಡೆಯುವುದಿಲ್ಲ. ಬೆಳಿಗ್ಗೆ 8:30ರೊಳಗೆ ಹೋದರೆ ಕಡಲ ಕಡೆಯ ಕುರ್ಚಿ ಸಿಗುತ್ತದೆ.

ಸೆಂಟ್ರಲ್ ಪಾರ್ಕ್: 8ನೇ ಡೆಕ್ಕಿನಲ್ಲಿ, ಹಡಗಿನ ಹೊಟ್ಟೆಯೊಳಗೆ ಆಕಾಶಕ್ಕೆ ತೆರೆದ ತೋಟ. 10,000ಕ್ಕೂ ಹೆಚ್ಚು ಗಿಡಗಳಿವೆ, ಎಲ್ಲವೂ ನಿಜವಾದವು. ಸಮುದ್ರ ಕಾಣುವುದಿಲ್ಲ, ನಿಜ. ಆದರೆ ಬಂದರಿನ ದಿನ ಜನ ಇಳಿದುಹೋದ ಮೇಲೆ ಬೆಂಚಿನ ಮೇಲೆ ಕೂತು ಪುಸ್ತಕ ಓದುವುದಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಹಡಗಿನಲ್ಲಿಲ್ಲ.

5ನೇ ಡೆಕ್ಕಿನ ಹೊರ ಅಂಚು: ನಡೆಯುವ, ಓಡುವ ದಾರಿ ಇಲ್ಲೇ. ನೆರಳೂ ಇದೆ. ನೀರು ಹತ್ತಿರದಿಂದ ಕಾಣುತ್ತದೆ, ಸದ್ದೂ ಕೇಳುತ್ತದೆ. ಅರ್ಧ ಜನಕ್ಕೆ ಈ ಜಾಗ ಇರುವುದೇ ಗೊತ್ತಿರುವುದಿಲ್ಲ. ಎಲೆಯಡಿಕೆ ಹಾಕಿಕೊಂಡು ಜಗಲಿಯ ಮೇಲೆ ಕೂತ ಹಾಗೆ ಕೂರಬಹುದು, ಎಲೆಯಡಿಕೆ ಒಂದು ಬಿಟ್ಟು.

ಜೋಳದರೊಟ್ಟಿ:

ಕೆಟಲ್ ಬೇಡ. ಕೆಟಲ್, ರೈಸ್ ಕುಕ್ಕರ್, ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ಕಾಯಿಲ್, ಎಕ್ಸ್‌ಟೆನ್ಷನ್ ಬೋರ್ಡ್ ಎಲ್ಲವೂ ನಿಷೇಧ. ಹಡಗಿನಲ್ಲಿ ಬೆಂಕಿಗಿಂತ ದೊಡ್ಡ ಹೆದರಿಕೆ ಇಲ್ಲ. ಎಕ್ಸ್‌ರೇಯಲ್ಲಿ ಕಂಡರೆ ತೆಗೆದಿಟ್ಟುಕೊಳ್ಳುತ್ತಾರೆ. ಅದನ್ನು ದೊಡ್ಡ ಪೆಟ್ಟಿಗೆಯಲ್ಲಿ ಇಟ್ಟಿದ್ದರೆ ಆ ಪೆಟ್ಟಿಗೆ ಕ್ಯಾಬಿನ್ನಿಗೆ ಬರದೆ ಭದ್ರತಾ ಕೋಣೆಯಲ್ಲಿ ಕೂತಿರುತ್ತದೆ, ನೀವೇ ಹೋಗಿ ತೆರೆದು ತೋರಿಸಬೇಕು.

ಚಟ್ನಿಪುಡಿ: ಮನೆಯಲ್ಲಿ ಮಾಡಿ ಡಬ್ಬಿಗೆ ತುಂಬಿದ್ದು ನಿಯಮದ ಪ್ರಕಾರ ಆಗುವುದಿಲ್ಲ. ಕಾರ್ಖಾನೆಯಲ್ಲಿ ಸೀಲ್ ಆದ, ಕೆಡದ ಪೊಟ್ಟಣ ಆಗುತ್ತದೆ. ಅಂಗಡಿಯ ಶೇಂಗಾ ಚಟ್ನಿಪುಡಿ, ಉಪ್ಪಿನಕಾಯಿ ಸ್ಯಾಷೆ, ಖಾಖ್ರಾ, ಬಿಸಿನೀರು ಹಾಕಿದರೆ ಆಗುವ ಅವಲಕ್ಕಿ ಅಥವಾ ಉಪ್ಪಿಟ್ಟಿನ ಕಪ್, ಇಷ್ಟಿದ್ದರೆ ಸಾಕು. ಕೊಳ್ಳುವಾಗ ಅಮ್ಮನಿಗಾಗಿ ಲೇಬಲ್ಲಿನಲ್ಲಿ ಬೆಳ್ಳುಳ್ಳಿ ಇದೆಯೇ ನೋಡಿ, ಚಟ್ನಿಪುಡಿಗಳಲ್ಲಿ ಇರುವುದೇ ಹೆಚ್ಚು. ಬಿಸಿನೀರು ವಿಂಡ್‌ಜಾಮರ್ ಬಫೆಯಲ್ಲಿ ಚಹಾ ಇರುವ ಕಡೆ ಸಿಗುತ್ತದೆ. ಆದರೆ ಅದು ಕುದಿಯುವ ನೀರಲ್ಲ. ಕಪ್ಪಿನ ಮೇಲೆ 3 ನಿಮಿಷ ಎಂದು ಬರೆದಿದ್ದರೆ ತಟ್ಟೆ ಮುಚ್ಚಿ 6-7 ನಿಮಿಷ ಬಿಡಿ, ಇಲ್ಲದಿದ್ದರೆ ರವೆ ಹಲ್ಲಿಗೆ ಸಿಗುತ್ತದೆ.

ಕಾಫಿ ವಿಷಯ ಯಾರೂ ಎತ್ತಲಿಲ್ಲವಲ್ಲ! ಬಫೆಯಲ್ಲಿ ಪುಕ್ಕಟೆ ಸಿಗುವ ಕಾಫಿ ತೆಳ್ಳಗಿನ ಕಪ್ಪು ನೀರು. ಅದಕ್ಕೆ ತಣ್ಣಗಿನ ಹಾಲು ಹಾಕಿದರೆ ಮುಗಿದೇ ಹೋಯಿತು. ಫಿಲ್ಟರ್ ಕಾಫಿ ರುಚಿಯ ಇನ್‌ಸ್ಟಂಟ್ ಸ್ಯಾಷೆ ತಗೊಂಡು ಹೋಗಿ, ಒಬ್ಬರಿಗೆ ದಿನಕ್ಕೆ ಎರಡರಂತೆ 14. ಬೆಳಿಗ್ಗೆ ಡೈನಿಂಗ್ ರೂಮಿನಲ್ಲಿ ಬಿಸಿ ಹಾಲು ಕೇಳಿದರೆ ಜಗ್ಗಿನಲ್ಲಿ ತಂದುಕೊಡುತ್ತಾರೆ. ಬಫೆಯಲ್ಲಿ ನೂಕಾಡುವುದಕ್ಕಿಂತ ಬೆಳಗಿನ ತಿಂಡಿಗೂ ಅಲ್ಲೇ ಕೂರುವುದು ವಯಸ್ಸಾದವರಿಗೆ ಸುಖ.

ಹಡಗಿನ ಬಾಳೆಹಣ್ಣು, ಸೇಬು ಕೈಚೀಲಕ್ಕೆ ಹಾಕಿಕೊಂಡು ಬಂದರಿನಲ್ಲಿ ಇಳಿಯಬೇಡಿ. ಹಣ್ಣು, ತರಕಾರಿ ಒಯ್ಯುವುದಕ್ಕೆ ಆಯಾ ದೇಶದ ಕೃಷಿ ಕಾನೂನು ಅಡ್ಡ ಬರುತ್ತದೆ. ಅಪ್ಪನಿಗೆ ಸಕ್ಕರೆ ಇಳಿದರೆ ಬೇಕಲ್ಲ ಅಂತಾದರೆ ಸೀಲ್ ಆದ ಬಿಸ್ಕತ್ತು, ಗ್ಲೂಕೋಸ್ ಮಾತ್ರೆ ಇಟ್ಟುಕೊಳ್ಳಿ.

ಮಲ್ಲಿಗೆ_ಟೆಕ್ಸಸ್:

ಎಲ್ಲರಿಗೂ ಥ್ಯಾಂಕ್ಸ್. 5:30ರ ಪಂಕ್ತಿ ತಗೋತೀನಿ. ಮಧ್ಯಾಹ್ನಕ್ಕೆ ಅಮ್ಮ ಏನು ತಿನ್ನಬೇಕು? ಬಫೆಯಲ್ಲಿ ಭಾರತೀಯ ಅಡುಗೆ ಇರುತ್ತೆ ಅಂತಾರಲ್ಲ. ಹೊಟ್ಟೆ ಕೆಡುವ ಭಯವೂ ಇದೆ.

ಪಾಕಶಾಲೆ:

ವಿಂಡ್‌ಜಾಮರ್‌ನಲ್ಲಿ ಸಾಮಾನ್ಯವಾಗಿ ಒಂದು ದಾಲ್ ಅಥವಾ ತರಕಾರಿ ಕರಿ, ಅನ್ನ, ಹಪ್ಪಳ ಇರುತ್ತದೆ. ನಿಮಗೆ, ಅಪ್ಪನಿಗೆ ಸಾಕು. ಅಮ್ಮನಿಗೆ ಆಗುವುದಿಲ್ಲ, ಅದು ಈರುಳ್ಳಿ-ಬೆಳ್ಳುಳ್ಳಿಯ ಗ್ರೇವಿಯೇ. ಮೊದಲ ದಿನ ಹತ್ತಿದ ತಕ್ಷಣ ಎಲ್ಲರೂ ಅಲ್ಲಿಗೇ ನುಗ್ಗುತ್ತಾರೆ. ನೀವು ಸೆಂಟ್ರಲ್ ಪಾರ್ಕಿನ ಪಾರ್ಕ್ ಕೆಫೆಗೆ ಹೋಗಿ, ಅದೂ ಪುಕ್ಕಟೆ. ಸಲಾಡನ್ನು ಕಣ್ಣೆದುರೇ ಬೆರೆಸಿಕೊಡುತ್ತಾರೆ, ಹಾಗಾಗಿ ಏನು ಬೇಡವೋ ಬೆರಳು ತೋರಿಸಿ ಹೇಳಬಹುದು. ಡ್ರೆಸ್ಸಿಂಗ್ ಬದಲು ನಿಂಬೆರಸ, ಎಣ್ಣೆ, ಉಪ್ಪು ಕೇಳಿ. ಅಲ್ಲಿನ ಹೆಸರುವಾಸಿ ಸ್ಯಾಂಡ್‌ವಿಚ್ ಗೋಮಾಂಸದ್ದು, ಪಕ್ಕದಲ್ಲೇ ಕತ್ತರಿಸುತ್ತಿರುತ್ತಾರೆ. ಅಮ್ಮನಿಗೆ ಅದು ಕಾಣದ ಹಾಗೆ ಕೂರಿಸಿ. ಸಮುದ್ರದ ದಿನಗಳಲ್ಲಿ ಡೈನಿಂಗ್ ರೂಮ್ ಮಧ್ಯಾಹ್ನವೂ ತೆರೆಯುತ್ತದೆ, ಹಿಂದಿನ ರಾತ್ರಿಯೇ ಹೆಡ್ ವೇಟರಿಗೆ ಅದನ್ನೂ ಸೇರಿಸಿ ಹೇಳಿ.

ಹೊಟ್ಟೆ ಕೆಡುವುದು ಬಹಳ ಸಲ ಅಡುಗೆಯಿಂದಲ್ಲ, ಕೈಯಿಂದ. ಹಡಗಿನಲ್ಲಿ ಹರಡುವ ನೊರೊವೈರಸ್ ಆಲ್ಕೋಹಾಲ್ ಸ್ಯಾನಿಟೈಸರಿಗೆ ಅಷ್ಟಾಗಿ ಬಗ್ಗುವುದಿಲ್ಲ. ಸೋಪು ಹಚ್ಚಿ 20 ಸೆಕೆಂಡ್ ಉಜ್ಜಿ ತೊಳೆಯಬೇಕು. ವಿಂಡ್‌ಜಾಮರ್ ಬಾಗಿಲಲ್ಲಿ ಕೈತೊಳೆಯುವ ತೊಟ್ಟಿಗಳನ್ನು ಇಟ್ಟಿರುವುದು ಅದಕ್ಕೇ. ಬಫೆಯ ಸೌಟನ್ನು ನೂರಾರು ಜನ ಹಿಡಿದಿರುತ್ತಾರೆ, ಆದ್ದರಿಂದ ಬಡಿಸಿಕೊಂಡು ಬಂದ ಮೇಲೆ ಮತ್ತೊಮ್ಮೆ ತೊಳೆದು ಆಮೇಲೆ ಉಣ್ಣಿ. ನಮ್ಮಂತೆ ಕೈಯಲ್ಲಿ ಕಲಸಿ ಉಣ್ಣುವವರಿಗೆ ಇದು ಇನ್ನೂ ಮುಖ್ಯ. ಅಮೆರಿಕದ ಬಂದರಿಗೆ ಬರುವ ಇಂಥ ಹಡಗುಗಳನ್ನು ಅಮೆರಿಕದ ಆರೋಗ್ಯ ಸಂಸ್ಥೆ ಸಿಡಿಸಿ ತಪಾಸಣೆ ಮಾಡಿ 100ಕ್ಕೆ ಅಂಕ ಕೊಡುತ್ತದೆ, 85 ಅಥವಾ ಕಡಿಮೆ ಬಂದರೆ ಅನುತ್ತೀರ್ಣ. ವರದಿ ಅವರ ಜಾಲತಾಣದಲ್ಲೇ ಸಿಗುತ್ತದೆ, ಹೊರಡುವ ಮುಂಚೆ ನೋಡಿಕೊಳ್ಳಿ. ಬಿಸಿ ಅಡುಗೆ 57 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿಯಬಾರದು ಎಂಬುದೂ ಅವರದ್ದೇ ನಿಯಮ. ಬಫೆಯ ಕರಿಯಲ್ಲಿ ಹಬೆ ಇಲ್ಲದೆ ಉಗುರುಬೆಚ್ಚಗಿದ್ದರೆ ಬಿಟ್ಟುಬಿಡಿ.

ನಡುಹಗಲು:

ದುಡ್ಡಿನ ರೆಸ್ಟೋರೆಂಟುಗಳ ಪ್ರಶ್ನೆ ಹಾಗೇ ಉಳಿಯಿತು. ನಿಮ್ಮ ನಾಲ್ವರಿಗೆ ಡೈನಿಂಗ್ ಪ್ಯಾಕೇಜ್ (ಆ ರೆಸ್ಟೋರೆಂಟುಗಳಿಗೆಲ್ಲ ಒಟ್ಟಿಗೆ ಮುಂಗಡ ಕಟ್ಟುವುದು) ದುಡ್ಡು ದಂಡ. ಚಾಪ್ಸ್ ಗ್ರಿಲ್ ಮಾಂಸದ ಮನೆ, ಸಸ್ಯಾಹಾರಿಗೆ ಅಲ್ಲಿ ಸಿಗುವುದು ಪಕ್ಕದ ತಿನಿಸುಗಳೇ. ಇಜುಮಿ ಎಂಬ ಜಪಾನಿ ರೆಸ್ಟೋರೆಂಟಿನ ಹಿಬಾಚಿಯಲ್ಲಿ (ಕಣ್ಣೆದುರೇ ಕಾವಲಿಯ ಮೇಲೆ ಹುರಿದುಕೊಡುವುದು) ತಮಾಷೆ ಚೆನ್ನಾಗಿರುತ್ತದೆ, ಆದರೆ ಸೀಗಡಿ ಹುರಿದ ಅದೇ ಕಾವಲಿಯ ಮೇಲೆ ನಿಮ್ಮ ತರಕಾರಿಯೂ ಬೀಳುತ್ತದೆ. ಒಂದು ಸಂಜೆ ಬದಲಾವಣೆ ಬೇಕೇ ಬೇಕೆಂದರೆ ಸೋಲಾರಿಯಂ ಬಿಸ್ಟ್ರೋಗೆ ಹೋಗಿ, ರಾತ್ರಿ ಊಟಕ್ಕೆ ಬೇರೆ ದುಡ್ಡಿಲ್ಲ, ಗದ್ದಲವೂ ಕಡಿಮೆ.

ಲೆಕ್ಕಕ್ಕೆ ಹಿಡಿಯಬೇಕಾದ ಖರ್ಚು ಬೇರೆ ಇದೆ: ಟಿಪ್ಸ್. ಸೂಟ್ (ದುಬಾರಿ ದೊಡ್ಡ ಕೋಣೆ) ಅಲ್ಲದ ಕ್ಯಾಬಿನ್ನಿಗೆ 2023ರ ನವೆಂಬರಿನಿಂದ ತಲೆಗೆ ದಿನಕ್ಕೆ 18.50 ಡಾಲರ್. ನಾಲ್ವರಿಗೆ 7 ದಿನಕ್ಕೆ 518 ಡಾಲರ್. ಹೊರಡುವ ಮುಂಚೆ ಕಟ್ಟದಿದ್ದರೆ ದಿನಾ ನಿಮ್ಮ ಖಾತೆಗೆ ಬೀಳುತ್ತಾ ಹೋಗುತ್ತದೆ. ಪಾನೀಯ, ಸ್ಪಾ, ದುಡ್ಡಿನ ಊಟ ಇವುಗಳ ಮೇಲೆ ಪ್ರತ್ಯೇಕ 18 ಪ್ರತಿಶತ. ರೂಮ್ ಸರ್ವಿಸ್‌ಗೆ ಒಂದು ಸಲಕ್ಕೆ 7.95 ಡಾಲರ್ ಮತ್ತು ಅದರ ಮೇಲೂ 18 ಪ್ರತಿಶತ, ಬೆಳಗಿನ ಕಾಂಟಿನೆಂಟಲ್ ತಿಂಡಿ ಮಾತ್ರ ಪುಕ್ಕಟೆ. ಈಜುಕೊಳದ ಟವೆಲ್ ನಿಮ್ಮ ಕಾರ್ಡಿನ ಮೇಲೆ ಕೊಟ್ಟಿರುತ್ತಾರೆ, ವಾಪಸ್ ಕೊಡದಿದ್ದರೆ ಒಂದಕ್ಕೆ 25 ಡಾಲರ್.

ಕಡಲಕಾಗೆಯವರ ಒಂದು ಮಾತಿಗೆ ತಕರಾರು. ಬಂದರಿನ ದಿನಗಳಲ್ಲಿ 5:30ರ ಪಂಕ್ತಿ ಕಷ್ಟ, ಸುತ್ತಾಡಿ ಬಂದು ಸ್ನಾನ ಮಾಡುವ ಹೊತ್ತಿಗೆ ಸಮಯ ಮೀರಿರುತ್ತದೆ. ಕೋಸ್ಟಾ ಮಾಯಾ, ಕೊಜುಮೆಲ್‌ಗಳಲ್ಲಿ ಮೊಬೈಲ್ ಅಲ್ಲಿಯ ಗಡಿಯಾರಕ್ಕೆ ತಾನೇ ಬದಲಾಗುತ್ತದೆ, ಚಳಿಗಾಲದಲ್ಲಿ ಅದು ಟೆಕ್ಸಸ್‌ಗಿಂತ ಒಂದು ಗಂಟೆ ಮುಂದೆ. ಊಟವೂ, ಹಡಗು ಹೊರಡುವುದೂ ಹಡಗಿನ ಸಮಯಕ್ಕೆ. ಅಪ್ಪನಿಗೆ ಒಂದು ಮಾಮೂಲಿ ಕೈಗಡಿಯಾರ ಕಟ್ಟಿ.

ಕಡಲಕಾಗೆ:

ತಕರಾರು ಒಪ್ಪಿದೆ. ಬಂದರಿನ ದಿನ ತಡವಾಗುವ ಹಾಗಿದ್ದರೆ ಹಿಂದಿನ ರಾತ್ರಿಯೇ ವೇಟರಿಗೆ ಹೇಳಿಬಿಡಿ, ಅಮ್ಮನಿಗೆ ಮಾಡಿದ್ದು ಚೆಲ್ಲಿಹೋಗುವುದು ತಪ್ಪುತ್ತದೆ.

ತಲೆಸುತ್ತಿನ ಬಗ್ಗೆ ಹೇಳುವುದು ಬಿಟ್ಟಿದ್ದೆ. ಕ್ಯಾಬಿನ್ ಇನ್ನೂ ಆರಿಸಿಲ್ಲವಾದರೆ ಹಡಗಿನ ಉದ್ದದ ನಡುಭಾಗದಲ್ಲಿ, ಆದಷ್ಟು ಕೆಳಗಿನ ಡೆಕ್ಕಿನಲ್ಲಿ ತಗೊಳ್ಳಿ. ಏತದ ಹಲಗೆಯ ಹಾಗೆ, ತುದಿ ಏರಿಳಿದಷ್ಟು ನಡು ಏರಿಳಿಯುವುದಿಲ್ಲ. ಪಕ್ಕಕ್ಕೆ ಹೊರಳುವುದನ್ನು ಸ್ಟೆಬಿಲೈಸರ್ ರೆಕ್ಕೆಗಳು ತಡೆಯುತ್ತವೆ, ಮೂತಿ ಎದ್ದು ಬೀಳುವುದನ್ನು ತಡೆಯುವುದಿಲ್ಲ. ಮೆಕ್ಲಿಝಿನ್ ಮಾತ್ರೆ ತಗೊಳ್ಳುವುದಾದರೆ ಒಂದು ಗಂಟೆ ಮುಂಚೆ, ವಾಂತಿ ಶುರುವಾದ ಮೇಲಲ್ಲ. ಅದರಿಂದ ನಿದ್ದೆ ಬರುತ್ತದೆ, ಗ್ಲಾಕೋಮಾ ಅಥವಾ ಪ್ರಾಸ್ಟೇಟ್ ತೊಂದರೆ ಇದ್ದವರಿಗೆ ಒಳ್ಳೆಯದಲ್ಲ. 72ರ ವಯಸ್ಸಿಗೆ ಡಾಕ್ಟರನ್ನು ಕೇಳದೆ ಕೊಡಬೇಡಿ. ಬೋರ್ಡ್‌ವಾಕ್ (ಹಡಗಿನ ಹಿಂಭಾಗದ ತೆರೆದ ಅಂಗಳ) ಕಡೆ ಮುಖವಿರುವ ಬಾಲ್ಕನಿಯನ್ನೂ ತಗೊಳ್ಳಬೇಡಿ, ಅಲ್ಲಿನ ಆಕ್ವಾ ಥಿಯೇಟರಿನ ನೀರಾಟದ ಶೋ ಇರುವ ರಾತ್ರಿ ಅದರ ಸದ್ದು ನೇರ ಒಳಗೇ ಬರುತ್ತದೆ.